ಭರಮಜ್ಜ ಮರೆತ ಸಾಲು

ಮಠಕ್ಕೆ ಬರುವವರು ಹಣ್ಣುಕಾಯಿ ಹಿಡಿದು ಬರುತ್ತಾರೆ, ಇಲ್ಲವೇ ಏನಾದರೊಂದು ಕಷ್ಟ ಹೊತ್ತು ಬರುತ್ತಾರೆ. ಮಧುಮತಿ ಮೊದಲ ಸಲ ಬಂದಾಗ ಅವಳ ಹೆಗಲ ಮೇಲೆ ಕ್ಯಾಮೆರಾ ಇತ್ತು.

ಮಲಪ್ರಭೆಯ ದಂಡೆಯ ಚಿಕ್ಕ ಮಠ ಅದು. ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ, ಹಿಂದೆ ನಾಲ್ಕು ಕಂಬದ ಪಡಸಾಲೆ. ಅಲ್ಲಿದ್ದ ಮಡಿವಾಳಯ್ಯನವರನ್ನು ಊರವರೆಲ್ಲ ಅಪ್ಪಾರು ಎನ್ನುತ್ತಿದ್ದರು.

"ಏನವ್ವಾ ಅದು?" ಎಂದು ಅಪ್ಪಾರು ಕೇಳಿದರು.

"ಕ್ಯಾಮೆರಾರೀ, ಅಪ್ಪಾರ. ನಾ ಸಾಕ್ಷ್ಯಚಿತ್ರ ಮಾಡ್ತೀನಿ."

"ಅಂದ್ರ?"

"ಇದ್ದದ್ದನ್ನ ಇದ್ದಂಗ ತೋರ್ಸೋದ್ರಿ."

ಅಪ್ಪಾರು ತಟ್ಟನೆ ಎದ್ದರು. ಶಲ್ಯದಿಂದ ಕಟ್ಟೆಯ ಧೂಳು ಹೊಡೆದರು.

"ಬಾರವ್ವಾ ತಾಯಿ, ಇಲ್ಲಿ ಕೂಡು. ಇದ್ದದ್ದನ್ನ ಇದ್ದಂಗ ನೋಡಬೇಕಂತ ಈ ಹೊಳಿ ದಂಡ್ಯಾಗ ಕುಂತು ಕುಂತು ನನ್ನ ಗಡ್ಡ ಬೆಳ್ಳಗಾತು. ನೀ ನೋಡಿದ್ರ ಹೆಗಲಿಗೆ ಹಾಕ್ಕೊಂಡು ಬಂದೀಯಲ್ಲ!"

ಮಧುಮತಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ನಕ್ಕಳು. ಅವತ್ತಿನಿಂದ ಅವಳು ಅಪ್ಪಾರ ಶಿಷ್ಯೆ.

ಧಾರವಾಡದ ಹುಡುಗಿ. ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವಳು. ದಪ್ಪ ದಪ್ಪ ಪುಸ್ತಕಗಳನ್ನು ಅರೆದು ಕುಡಿದಿದ್ದಳು, ಅದರಲ್ಲಿ ಅವಳಿಗೆ ಸಾಕ್ಷಿ ಎಂಬ ಮಾತು ಬಹಳ ಹಿಡಿಸಿತ್ತು. ಎಲ್ಲವನ್ನೂ ನೋಡುತ್ತದೆ, ಯಾವುದಕ್ಕೂ ಕೈಹಾಕುವುದಿಲ್ಲ, ಬೇಕು ಬೇಡ ಎನ್ನುವುದಿಲ್ಲ. ಕ್ಯಾಮೆರಾವೂ ಅಂಥದ್ದೇ ಎಂದು ಅವಳ ನಂಬಿಕೆ. ಅಪ್ಪಾರ ಮುಂದೆಯೂ ಹಾಗೇ ಹೇಳುತ್ತಿದ್ದಳು.

ಆ ನಂಬಿಕೆ ಹಿಡಿದುಕೊಂಡು ಅವಳು ಊರೂರು ತಿರುಗಿದ್ದಳು. ಒಬ್ಬರೇ ಮಾಡಲಾಗದ ಕಲೆಗಳು ಅಂದರೆ ಅವಳಿಗೆ ಜೀವ. ನಾಲ್ಕಾರು ಜನ ಕೂಡಿ ಹೊಲಿಯುವುದು, ಕೂಡಿ ಕುಣಿಯುವುದು, ಕೂಡಿ ಹಾಡುವುದು. ಹಾಗೆ ಹುಡುಕುತ್ತಲೇ ಈ ಮಠದ ಭಜನೆಗೆ ಬಂದು ಬಿದ್ದಳು.

ಪ್ರತಿ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬುತ್ತಿತ್ತು. ನಡುವೆ ಭರಮಜ್ಜ ಏಕತಾರಿ ಹಿಡಿದು ಕೂಡುತ್ತಿದ್ದ. ಅವನ ಬೆನ್ನಿಗೆ ಹೆಂಡತಿ ಕಲ್ಲವ್ವ. ಎದುರಿಗೆ ದಮ್ಮಡಿ ಬಡಿಯುವ ಹುಸೇನಸಾಬ. ಸುತ್ತ ಊರು.

ಭರಮಜ್ಜ ಹಾಡಿನ ಸೊಲ್ಲು, ಅಂದರೆ ಪಲ್ಲವಿ, ಎತ್ತುತ್ತಿದ್ದ.

"ಬಾಗಿಲಿಲ್ಲದ ಮನೆಗೆ ಬೀಗ ಹಾಕಿ ಕುಂತೆ
ಒಳಗ್ಯಾರು ಹೊರಗ್ಯಾರು ಹೇಳೊ ತಮ್ಮಾ..."

ಊರೆಲ್ಲ ಅದನ್ನೇ ತಿರುಗಿ ಹಾಡುತ್ತಿತ್ತು. ಮಧುಮತಿಗೆ ಮೊದಲ ದಿನವೇ ಮೈ ಜುಮ್ಮೆಂದಿತು. ಇದನ್ನು ಚಿತ್ರ ಮಾಡದಿದ್ದರೆ ತಾನು ಬದುಕಿ ಏನು ಉಪಯೋಗ ಎಂದುಕೊಂಡಳು. ವಯಸ್ಸೇ ಹಾಗೆ, ಒಂದು ಹಾಡಿಗೆ ಇಡೀ ಬದುಕನ್ನು ಪಣಕ್ಕಿಡುತ್ತದೆ.

ಒಂದೇ ತೊಂದರೆ. ಭರಮಜ್ಜನಿಗೆ ಮರೆವು ಹತ್ತಿತ್ತು.

ಹಾಡುತ್ತ ಹಾಡುತ್ತ ನಡುವೆಯೇ ನಿಂತುಬಿಡುತ್ತಿದ್ದ. ಏಕತಾರಿ ಮಿಡಿಯುತ್ತಲೇ ಇರುತ್ತಿತ್ತು, ಸಾಲು ಬಾಯಿಗೆ ಬರುತ್ತಿರಲಿಲ್ಲ. ಆಗ ಪಡಸಾಲೆಯಲ್ಲಿ ಯಾರೂ "ಮರೆತೆಯಾ" ಎನ್ನುತ್ತಿರಲಿಲ್ಲ. ಗೊತ್ತಿದ್ದವರು ಯಾರೋ ಸಾಲು ಎತ್ತಿಕೊಳ್ಳುತ್ತಿದ್ದರು. ಹಾಡು ಮುಂದೆ ಹೋಗುತ್ತಿತ್ತು. ಆ ಮಠದ ರೂಢಿಯೇ ಹಾಗೆ, ನಿಂತ ಹಾಡನ್ನು ಮತ್ತೆ ಮೊದಲಿನಿಂದ ಶುರು ಮಾಡುವುದಿಲ್ಲ.

ಮಧುಮತಿಗೆ ಮಾತ್ರ ಅದನ್ನು ನೋಡಲಾಗುತ್ತಿರಲಿಲ್ಲ. ಇಂಥ ಹಾಡುಗಾರನನ್ನು ಕಂಡವರು ನಾಳೆ ಪಾಪ ಎನ್ನಬಾರದು, ನಗಬಾರದು. ಅಜ್ಜನ ಮರ್ಯಾದೆ ತನ್ನ ಕೈಯಲ್ಲಿದೆ ಎಂದು ಅವಳಿಗೆ ಅನ್ನಿಸಿತು.

"ಅಜ್ಜಾ, ಪ್ರತಿ ಸೋಮವಾರ ಇದ ಕೆಂಪು ರುಮಾಲ ಸುತ್ಕೊಂಡು ಬರ್ರಿ," ಎಂದಳು.

"ಯಾಕ ಮಗಳ, ಇದು ನನಗ ಅಷ್ಟು ಚಂದ ಕಾಣ್ತೈತೇನು?"

"ಹೂಂ ಅಜ್ಜಾ."

ಚಂದ ಕಾಣುತ್ತಿದ್ದದ್ದು ನಿಜ. ಆದರೆ ಕಾರಣ ಬೇರೆ ಇತ್ತು. ಬೇರೆ ಬೇರೆ ದಿನ ಹಿಡಿದ ಚಿತ್ರವನ್ನು ಒಂದಾಗಿ ಜೋಡಿಸುವಾಗ ಬಟ್ಟೆ ಬದಲಾದರೆ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಅಜ್ಜ ಪಾಪ, ವರ್ಷವಿಡೀ ಅದೇ ರುಮಾಲು ಒಗೆದು ಒಗೆದು ಸುತ್ತಿಕೊಂಡು ಬಂದ.

ಮಧುಮತಿ ಧಾರವಾಡಕ್ಕೆ ಹೋಗಿ ಜೋಡಿಸಲು ಕೂತಳು. ಯುಗಾದಿ ಕಳೆದ ಸೋಮವಾರದ ಒಂದು ಸಾಲು, ಕಾರಹುಣ್ಣಿಮೆಯ ಹೊತ್ತಿನ ಇನ್ನೊಂದು, ದಸರೆಯದು ಮತ್ತೊಂದು. ಅಜ್ಜ ನಿಂತಲ್ಲೆಲ್ಲ ಕತ್ತರಿಸಿದಳು. ಕೊನೆಗೆ ಭರಮಜ್ಜ ಒಂದು ಸಲವೂ ತಡವರಿಸದೆ, ನೀರು ಹರಿದ ಹಾಗೆ, ಹಾಡನ್ನು ಮುಗಿಸಿದ. ಅದನ್ನು ನೋಡಿ ಅವಳೇ ಅತ್ತುಬಿಟ್ಟಳು.

ಮೊದಲು ಊರಿಗೇ ತೋರಿಸಿದಳು. ಪಡಸಾಲೆಗೆ ಬಿಳಿ ಧೋತರ ಕಟ್ಟಿ, ಅದರ ಮೇಲೆ.

ಊರಿಗೆ ಊರೇ ಹಿಗ್ಗಿತು. ಹುಸೇನಸಾಬ ತನ್ನ ಮುಖ ಬಂದಾಗಲೆಲ್ಲ ಪಕ್ಕದವನ ತೊಡೆ ಹೊಡೆದ. ಅಪ್ಪಾರು ಮಾತ್ರ, "ದನಿ ಸ್ವಚ್ಛ ಐತವ್ವಾ," ಎಂದು ಅಷ್ಟಕ್ಕೇ ಸುಮ್ಮನಾದರು.

ಭರಮಜ್ಜ ಧೋತರವನ್ನೇ ನೋಡುತ್ತ ಕೂತಿದ್ದ. ಚಿತ್ರ ಮುಗಿದು ದೀಪ ಹಾಕಿದ ಮೇಲೂ ನೋಡುತ್ತಿದ್ದ.

"ಹ್ಯಾಂಗಾಗೇತಿ ಅಜ್ಜಾ?"

"ಚಲೋ ಹಾಡ್ಯಾನವ್ವಾ, ಅಂವ," ಎಂದ ಭರಮಜ್ಜ.

ಮಧುಮತಿ ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಹೊಗಳಿಕೆ ಎಂದುಕೊಂಡಳು. ಮಠದ ಟಿ.ವಿ.ಗೆ ಹಾಕಿ ನೋಡಿಕೊಳ್ಳಲಿ ಎಂದು ಚಿತ್ರದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಟ್ಟು ಕೊಟ್ಟು ಹೋದಳು.

ತಿಂಗಳು ಕಳೆದ ಮೇಲೆ ಪೇಢೆಯ ಪೊಟ್ಟಣ ಹಿಡಿದು ಬಂದಳು. ಧಾರವಾಡದ ಚಿತ್ರೋತ್ಸವದಲ್ಲಿ ಅವಳ ಚಿತ್ರ ತೋರಿಸಲು ಒಪ್ಪಿದ್ದರು. ಕೊನೆಯ ಪ್ರತಿ ಕಳಿಸುವುದೊಂದು ಬಾಕಿ. ಭರಮಜ್ಜನ ಬಾಯಿಗೆ ತಾನೇ ಪೇಢೆ ಹಾಕಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

ಸೋಮವಾರ ದೀಪ ಹಚ್ಚುವ ಹೊತ್ತು. ಪಡಸಾಲೆಯಿಂದ ಹಾಡು ಕೇಳುತ್ತಿತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಟಿ.ವಿ. ಹಾಡುತ್ತಿತ್ತು.

ಅರ್ಧ ಪಡಸಾಲೆ ಖಾಲಿ. ಬಂದವರು ಗೋಡೆಗೆ ಆತು ಕೂತಿದ್ದರು, ಒಬ್ಬಿಬ್ಬರು ತೂಕಡಿಸುತ್ತಿದ್ದರು. ಹುಸೇನಸಾಬನ ದಮ್ಮಡಿ ಗೂಟಕ್ಕೆ ತೂಗುಬಿದ್ದಿತ್ತು. ಭರಮಜ್ಜ ಒಂದು ಕಂಬಕ್ಕೆ ಒರಗಿ, ಕೈಕಟ್ಟಿಕೊಂಡು, ತನ್ನ ಹಾಡನ್ನು ತಾನೇ ಕೇಳುತ್ತಿದ್ದ. ತಲೆಯ ಮೇಲೆ ರುಮಾಲು ಇರಲಿಲ್ಲ.

"ಇದೇನು ಅಜ್ಜೀ?" ಎಂದು ಅವಳು ಕಲ್ಲವ್ವನನ್ನು ಹೊರಗೆ ಕರೆದು ಕೇಳಿದಳು.

"ಬಾಯಿ ತೆರ್ಯಾಂಗಿಲ್ಲ ಮಗಳ ಅಂವ. ಮನ್ಯಾಗೂ ಹಾಡಾಂಗಿಲ್ಲ. ಮೊದ್ಲು ಮುಂಜಾನೆ ಎದ್ದರ ಗುಣುಗುಣು ಅಂತಿದ್ದ, ನಾ ಬೈತಿದ್ದೆ. ಈಗ ಬೈಯಾಕೂ ಏನಿಲ್ಲ," ಎಂದಳು ಕಲ್ಲವ್ವ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಧುಮತಿ ನೇರ ಹೋಗಿ ಅಜ್ಜನ ಕಾಲ ಬಳಿ ಕೂತಳು.

"ಅಜ್ಜಾ, ಯಾಕ ಹಾಡವಲ್ರಿ? ನನ್ನ ಮ್ಯಾಲ ಸಿಟ್ಟೇನ್ರಿ?"

"ಹುಚ್ಚಿ. ನಿನ್ನ ಮ್ಯಾಲ ಯಾಕ ಸಿಟ್ಟು?" ಎಂದು ಅಜ್ಜ ಅವಳ ತಲೆ ಸವರಿದ. "ಅಲ್ಲಿ ನೋಡು, ಅಂವಗ ಮರವು ಇಲ್ಲ. ನಡುವ ನಿಂದ್ರಾಂಗಿಲ್ಲ, ಮಂದೀನ ಕಾಡಾಂಗಿಲ್ಲ. ಅಷ್ಟು ಚಂದ ಹಾಡಾಂವ ಇರುವಾಗ ನಾ ಯಾಕ ನಡುವ ಬಾಯಿ ಹಾಕಿ ಕೆಡಸ್ಲಿ?"

"ಅಂವ ನೀವ ಅಲ್ಲೇನ್ರಿ ಅಜ್ಜಾ!"

"ನಾ ಅಲ್ಲವ್ವಾ. ನನಗ ನಾ ಗೊತ್ತಿಲ್ಲೇನು?"

ಅವಳ ಕೈಯಲ್ಲಿದ್ದ ಪೇಢೆಯ ಪೊಟ್ಟಣ ಹಾಗೇ ಉಳಿಯಿತು.

ಮರುದಿನ ಮುಂಜಾನೆ ಅಪ್ಪಾರು ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಮಧುಮತಿ ಎದುರು ಬಂದು ಕೂತಳು. ಇರುಳೆಲ್ಲ ಅತ್ತು ಕಣ್ಣು ಬಾತಿದ್ದವು.

"ಅಪ್ಪಾರ, ನೀವರೆ ಟಿ.ವಿ. ಬಂದ್ ಮಾಡ್ಸಬೇಕಿತ್ತಿಲ್ರಿ?"

"ಟಿ.ವಿ. ಬಾಯಿ ಮುಚ್ಚಿದ್ರ ಭರಮನ ಬಾಯಿ ತೆರೀತೈತೇನು?"

ಅಪ್ಪಾರು ಒಂದು ಕಡ್ಡಿ ಮುರಿದು ಬದಿಗಿಟ್ಟರು.

"ನೀ ಏನೇನು ಕತ್ತರ್ಸಿದೆವ್ವಾ?"

"ಏನೂ ಇಲ್ರಿ. ಅಜ್ಜಗ ಮರವು ಬಂದದ್ದಷ್ಟ ತಗದೀನಿ."

"ಸಾಕ್ಷಿ ಅಂತಿದ್ದಿ. ಸಾಕ್ಷಿ ಕೈಯಾಗ ಕತ್ತರಿ ಹ್ಯಾಂಗ ಬಂತು?"

ಮಧುಮತಿ ತಲೆ ತಗ್ಗಿಸಿದಳು. ಪ್ರೀತಿಯಿಂದ ಮಾಡಿದೆ ಎನ್ನಬೇಕೆಂದಿದ್ದಳು.

"ಕತ್ತರ್ಸಿದ್ದು ಒಗದ್ಯೋ, ಇಟ್ಟೀಯೋ?"

"ಇಟ್ಟೀನ್ರಿ."

"ಹಂಗಾರ ತೋರ್ಸು. ಅದನ್ನಷ್ಟ ತೋರ್ಸು."

ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಮರದ ನೆರಳಿನಲ್ಲಿಟ್ಟು, ತೆಗೆದುಹಾಕಿದ ತುಂಡುಗಳನ್ನು ಒಂದರ ಹಿಂದೊಂದು ಬಿಟ್ಟಳು.

ಭರಮಜ್ಜ ನಿಂತ. ಕಣ್ಣುಗಳು ಸೂರಿನ ತೊಲೆಗಳ ಮೇಲೆ ಹುಡುಕಿದವು. ಹಿಂದಿನಿಂದ ಕಲ್ಲವ್ವ, ಸಾರಿಗೆ ಉಪ್ಪಿಲ್ಲ ಎನ್ನುವ ದನಿಯಲ್ಲಿ, ಮುಂದಿನ ಸಾಲನ್ನು ಎಸೆದಳು. ಪಡಸಾಲೆ ಅದನ್ನು ಹಿಡಿದುಕೊಂಡಿತು.

ಭರಮಜ್ಜ ನಿಂತ. ಹುಸೇನಸಾಬ ದಮ್ಮಡಿ ಬಿಡದೆ, ಕಣ್ಣು ಮುಚ್ಚಿಕೊಂಡೇ, ಸಾಲು ಎತ್ತಿಕೊಂಡ.

ಭರಮಜ್ಜ ನಿಂತ. ಈ ಸಲ ಇಬ್ಬರು ಒಟ್ಟಿಗೆ ಎತ್ತಿಕೊಂಡು, ಒಬ್ಬರು ಒಂದು ಸಾಲು ಇನ್ನೊಬ್ಬರು ಬೇರೆ ಸಾಲು ಹಾಡಿ, ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಭರಮಜ್ಜ ಎಲ್ಲರಿಗಿಂತ ಹೆಚ್ಚು ನಕ್ಕ. ನಗುತ್ತಲೇ ಸೊಲ್ಲಿಗೆ ಹೋದ.

ಭರಮಜ್ಜ ನಿಂತ. ಹಿಂದೆ ಕೂತವರಲ್ಲಿ ಎಂದೂ ಬಾಯಿ ಬಿಡದ, ಯಾರದೋ ಮನೆಯ ಸೊಸೆಯೊಬ್ಬಳು, ಮುಖ ಸೆರಗಿನಲ್ಲಿಟ್ಟುಕೊಂಡು, ಮೆಲ್ಲಗೆ ಸಾಲು ಕೊಟ್ಟಳು. ಅಜ್ಜ ಆ ಕಡೆ ತಿರುಗಿ ಕೈಮುಗಿದ.

ಅಪ್ಪಾರು ಸೊಪ್ಪು ಬಿಟ್ಟು ನೋಡುತ್ತಿದ್ದರು. ತಾವೂ ಸಣ್ಣಗೆ ಹಾಡುತ್ತಿದ್ದರು. ಮುಗಿದಾಗ ಅವರ ಗಡ್ಡ ಒದ್ದೆಯಾಗಿತ್ತು.

"ಈಗ ನಮ್ಮೂರು ಕಂಡಂಗಾತು ನೋಡು," ಎಂದರು.

ಮಧುಮತಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಒಬ್ಬರೇ ಮಾಡಲಾಗದ ಕಲೆಯನ್ನು ಹುಡುಕಿಕೊಂಡು ಬಂದವಳು ಅವಳು. ಅದು ಇದ್ದದ್ದೇ ಅಜ್ಜ ನಿಂತ ಈ ಜಾಗಗಳಲ್ಲಿ. ಇಲ್ಲಿಯೇ ಕತ್ತರಿ ಆಡಿಸಿದ್ದಳು.

"ಎಲ್ಲಾ ವಾಪಸ್ ಹಾಕ್ತೀನ್ರಿ, ಅಪ್ಪಾರ. ಇವತ್ತ ಕೂಡ್ತೀನಿ. ಒಂದೂ ಬಿಡಾಂಗಿಲ್ಲ."

"ಹಾಕು. ಸಿನಿಮಾಕ್ಕ ಚಲೋ ಆಕ್ಕೈತಿ." ಅಪ್ಪಾರು ಮತ್ತೆ ಸೊಪ್ಪು ಕೈಗೆತ್ತಿಕೊಂಡರು. "ಭರಮಗ?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಹೊಳೆಯ ಆಚೆ ದಂಡೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು.

"ನಾ ಏನು ಮಾಡ್ಲಿ, ಹೇಳ್ರಿ."

"ಬರೂ ಸೋಮವಾರ ಸೊಲ್ಲು ನೀ ಎತ್ತು."

"ನಾನಾ?" ಮಧುಮತಿ ಬೆಚ್ಚಿಬಿದ್ದಳು. "ನನಗ ಹಾಡಾಕ ಬರಂಗಿಲ್ರಿ ಅಪ್ಪಾರ. ಸಾಲ್ಯಾಗ ಪ್ರಾರ್ಥನಿಗೂ ನನ್ನ ಹಿಂದ ನಿಂದ್ರಸ್ತಿದ್ರು."

"ಅದನ್ನ ಜೋಡ್ಸುವಾಗ ಎಷ್ಟು ಸಲ ಕೇಳೀದಿ?"

"ಲೆಕ್ಕ ಇಲ್ರಿ."

"ಹಂಗಾರ ಬರ್ತೈತಿ."

"ನಡುವ ಮರತ್ರ?"

ಅಪ್ಪಾರು ಸೋಸಿದ ಸೊಪ್ಪನ್ನು ಅವಳ ಮಡಿಲಿಗೆ ಹಾಕಿದರು. "ಒಳಗ ಕೊಟ್ಟು ಬಾ, ಹೊತ್ತಾತು," ಎಂದರು.

ಆ ವಾರ ಮಧುಮತಿ ಊರಲ್ಲೇ ಉಳಿದಳು. ಹೊಳೆಯ ದಂಡೆಯಲ್ಲಿ ಒಬ್ಬಳೇ ಕೂತು ಹಾಡಿಕೊಂಡಳು. ಅವಳ ರಾಗ ಕೇಳಿ ಬಟ್ಟೆ ಒಗೆಯುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಸಾಲುಗಳೆಲ್ಲ ಬಾಯಿಗೆ ಬಂದವು. ಒಂದೂ ತಪ್ಪದೆ ಹಾಡಿಯೇ ತೋರಿಸುತ್ತೇನೆ, ಅದನ್ನು ನೋಡಿ ಅಜ್ಜನಿಗೆ ಹುರುಪು ಬರುತ್ತದೆ ಎಂದುಕೊಂಡಳು. ನೋಡಿ, ಬುದ್ಧಿ ಇನ್ನೂ ಅಲ್ಲೇ ಇತ್ತು.

ಸೋಮವಾರ ಬಂತು. ಧಾರವಾಡದ ಹುಡುಗಿ ಹಾಡುತ್ತಾಳಂತೆ ಎಂಬ ಸುದ್ದಿಗೆ ಪಡಸಾಲೆ ತುಂಬಿತು. ಅವಳು ಅಭ್ಯಾಸಬಲದಿಂದ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಾಲೂ ಮಾಡಿ, ನಡುವೆ ಹೋಗಿ ಕೂತಳು. ಹಿಂದೆ ನಿಂತು ನೋಡಿದ ಜಾಗವೇ ಇದು, ಆದರೂ ನಡುವೆ ಕೂತಾಗ ಪಡಸಾಲೆ ಎಷ್ಟೋ ದೊಡ್ಡದಾಗಿ ಕಂಡಿತು.

ಭರಮಜ್ಜ ಕಂಬಕ್ಕೆ ಒರಗಿಯೇ ಇದ್ದ. ಕೇಳುವವನ ಹಾಗೆ.

ಕಲ್ಲವ್ವ ಏಕತಾರಿಯನ್ನು ತಂದು ಅವಳ ಕೈಗೆ ಕೊಟ್ಟಳು. ಹುಸೇನಸಾಬ ದಮ್ಮಡಿಯ ಧೂಳು ಒರೆಸಿದ.

"ಬಾಗಿಲಿಲ್ಲದ ಮನೆಗೆ ಬೀಗ ಹಾಕಿ ಕುಂತೆ..."

ಊರು ಅದನ್ನೇ ತಿರುಗಿ ಹಾಡಿದಾಗ ಅವಳಿಗೆ ಕೂತ ನೆಲ ಗಟ್ಟಿಯಾದಂತಾಯಿತು. ಉಸಿರು ತೆಗೆದುಕೊಂಡು ಹಾಡಿನ ಮೊದಲ ನುಡಿಗೆ ಹೋದಳು.

"ನೀರು ತರಲಿಕೆ ಹ್ವಾದೆ, ಕೊಡವ ಮರೆತು ಬಂದೆ
ಕೊಡವ ಹುಡುಕುತ ಹ್ವಾದೆ, ಹೊಳೆಯ ಮರೆತು ಬಂದೆ..."

ಅಷ್ಟೇ. ಮುಂದಿಲ್ಲ.

ಮುಂದಿನದು ಯುಗಾದಿ ಕಳೆದ ಸೋಮವಾರದಿಂದ ಅವಳೇ ಆರಿಸಿ ಚಿತ್ರಕ್ಕೆ ಹಾಕಿದ ಸಾಲು. ಮುಂಜಾನೆ ತಾನೇ ಹತ್ತು ಸಲ ಹಾಡಿದ್ದಳು. ಈಗ ಹುಡುಕಿದರೆ ತಲೆಯೊಳಗೆ ಬರೀ ಬಿಳಿ. ಬೆರಳು ಏಕತಾರಿಯ ತಂತಿಯನ್ನು ಮಿಡಿಯುತ್ತಲೇ ಇತ್ತು. ಎದ್ದು ಓಡಿಹೋಗಬೇಕು ಎನ್ನಿಸಿತು. ಭರಮಜ್ಜ ಪ್ರತಿ ಸೋಮವಾರ ಕೂತ ಜಾಗ ಎಂಥದ್ದು ಎಂದು ಅವಳಿಗೆ ಆಗ ಗೊತ್ತಾಯಿತು.

ಕಲ್ಲವ್ವ ಬಾಯಿ ತೆರೆದಳು. ಆಮೇಲೆ ಏನನ್ನಿಸಿತೋ, ಮುಚ್ಚಿಕೊಂಡಳು. ಗಂಡನ ಕಡೆ ನೋಡಿದಳು.

ಹುಸೇನಸಾಬ ತಾಳ ಬಿಡಲಿಲ್ಲ.

ಕಂಬದ ಕಡೆಯಿಂದ ಮೊದಲು ಒಂದು ಕೆಮ್ಮು ಬಂತು. ಆಮೇಲೆ ಒಡಕು ದನಿ ಬಂತು.

"ಹೊಳೆಯೇ ಬಂತೋ ಮನೆಗೆ, ಬೀಗ ತೇಲಿತೊ ತಮ್ಮಾ..."

ಪಡಸಾಲೆ ಅದನ್ನು ಎರಡೂ ಕೈಯಿಂದ ಬಾಚಿಕೊಂಡ ಹಾಗೆ ಎತ್ತಿಕೊಂಡಿತು. ಇಡೀ ಊರು ಒಂದೇ ದನಿ. ಮಧುಮತಿ ಅಳುತ್ತಿದ್ದಳು, ಅಳುತ್ತಲೇ ಹಾಡುತ್ತಿದ್ದಳು. ಭರಮಜ್ಜ ಕಂಬ ಬಿಟ್ಟು ಮುಂದೆ ಸರಿದಿದ್ದ. ಅದು ಅವನಿಗೇ ಗೊತ್ತಾದಂತಿರಲಿಲ್ಲ.

ಎರಡನೆಯ ನುಡಿ ಅವನೇ ಎತ್ತಿದ.

"ಬುತ್ತಿ ಕಟ್ಟಿದವಳ ಹೆಸರು ಕೇಳದೆ ಉಂಡೆ..."

ನಿಂತ. ಕಣ್ಣುಗಳು ಸೂರಿನ ತೊಲೆಗಳ ಮೇಲೆ ಹೋದವು. ಮುಖದ ಮೇಲೆ ಹಳೆಯ ಹೆದರಿಕೆ ಬಂದು ಕೂತಿತು.

ಮಧುಮತಿಗೆ ಆ ಸಾಲು ಗೊತ್ತಿತ್ತು. ರಾಗ ಎತ್ತಲೋ ಹೋಯಿತು, ಆದರೂ ಕೊಟ್ಟಳು.

"ಹಸಿವು ಕೊಟ್ಟವನ ಹೆಸರು ಕೇಳದೆ ಬೈದೆ..."

ಭರಮಜ್ಜ ಅವಳ ಕಡೆ ತಿರುಗಿದ. ಅವಳ ರಾಗ ಕೇಳಿ ಮುಖ ಕಿವುಚಿದ. ಕೈ ಬೀಸಿ, ಹಾಗಲ್ಲ ಹೀಗೆ ಎಂದು ದನಿ ಏರಿಸಿ, ಅದೇ ಸಾಲನ್ನು ತಾನೇ ಹಾಡಿದ. ಪಡಸಾಲೆ ನಕ್ಕಿತು. ಅವನೂ ನಕ್ಕ. ನಗುತ್ತಲೇ ಸೊಲ್ಲಿಗೆ ಹೋದ. ಆಮೇಲೆ ಅವನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ, ಅವನ ಮರೆವಿನ ಹೊರತು. ಅದು ನಿಲ್ಲಿಸಿದಾಗಲೆಲ್ಲ ಯಾರಾದರೂ ಇದ್ದರು.

ಮುಗಿದ ಮೇಲೆ ಭರಮಜ್ಜ ಕೇಳಿದ.

"ಯಾಕ ಮಗಳ, ಇಷ್ಟು ಸಣ್ಣ ವಯಸ್ಸಿನ್ಯಾಗ ನಿನಗೂ ಮರವು ಬಂತೇನು?"

"ಬಂತು ಅಜ್ಜಾ."

"ಹಂಗಾರ ಬರೂ ಸೋಮವಾರ ಬಾ. ಇಬ್ರೂ ಕೂಡಿ ಮರ್ಯೂಣಂತ."

ಮಧುಮತಿ ಧೈರ್ಯ ಮಾಡಿ ಕೇಳಿದಳು. "ಅಜ್ಜಾ, ನೀವು ಮರತದ್ದನ್ನ ಚಿತ್ರದಾಗ ಹಾಕ್ಲೇನ್ರಿ? ಬ್ಯಾಡ ಅಂದ್ರ ಹಾಕಾಂಗಿಲ್ಲ."

ಭರಮಜ್ಜ ಯೋಚಿಸಿದ. ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾದ ಕಡೆ ನೋಡಿದ.

"ನೀ ಮರತದ್ದೂ ಅದರಾಗ ಬಂದೈತೇನು?"

"ಬಂದೈತ್ರಿ."

"ಅದನ್ನ ಮೊದ್ಲ ಹಾಕು. ಆಮ್ಯಾಲ ನಂದು."

ಕಲ್ಲವ್ವ ಪಡಸಾಲೆಗೆಲ್ಲ ಪೇಢೆ ಹಂಚಿದಳು. ವಾರ ಕಳೆದು ಅವು ಗಟ್ಟಿಯಾಗಿದ್ದವು. ಯಾರೂ ದೂರಲಿಲ್ಲ.

ಊರಿಗೆ ಹೊರಡುವ ಮೊದಲು ಮಧುಮತಿ ಅಪ್ಪಾರನ್ನು ಹುಡುಕಿಕೊಂಡು ಹೊಳೆಗೆ ಹೋದಳು. ಅವರು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

"ಅಪ್ಪಾರ, ಚಿತ್ರ ಹ್ಯಾಂಗ ಚಾಲೂ ಮಾಡ್ಬೇಕಂತ ಅಜ್ಜ ಹೇಳಿದ್ರು. ಎಲ್ಲಿಗೆ ಮುಗಸ್ಲಿ, ನೀವು ಹೇಳ್ರಿ."

"ಭರಮ ಮರೆತಲ್ಲಿ ಮುಗಸು."

"ಅರ್ಧ ಸಾಲಿನ್ಯಾಗಾ?"

"ಹೂಂ."

"ಅಲ್ಲಿ ಕುಂತು ನೋಡಾವ್ರು ಬ್ಯಾರೆ ಊರಿನವ್ರು, ಅಪ್ಪಾರ. ಅವ್ರಿಗೆ ಮುಂದಿನ ಸಾಲು ಗೊತ್ತಿರಂಗಿಲ್ಲಲ್ರಿ."

ಅಪ್ಪಾರು ಕಾಲಿನಿಂದ ನೀರು ಚಿಮ್ಮಿಸಿದರು.

"ನಡುವ ಕುಂತು ಮರತಾಗ ನಿನಗೂ ಗೊತ್ತಿದ್ದಿಲ್ಲ. ಕಂಬದ ಕಡಿಯಿಂದ ಬಂತಿಲ್ಲೋ?"